ಎರಡು ಊರು, ಒಂದು ಕೆರೆ

ಕೆರೆ ಮತ್ತು ಮೀನುಗಾರಿಕೆ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳು

ಪ್ರಶ್ನೆ: ಸಾರ್, ನಮ್ಮ ಕೆರೆಗೆ ಎರಡು ಊರಿನವರು ಬಲೆ ಬಿಡುತ್ತೇವೆ. ಏರಿ ಕಡೆ ನಾವು, ಹಿನ್ನೀರಿನ ಕಡೆ ಆ ಊರಿನವರು. ಮೊದಲೆಲ್ಲ ಮೂರು ನಾಲ್ಕು ಕಿಲೊ ತೂಗುವ ಕಾಟ್ಲಾ ಬೀಳುತ್ತಿತ್ತು. ಈಗ ಬಲೆ ಎತ್ತಿದರೆ ಅಂಗೈಯಷ್ಟು ಮೀನು. ನಾವು ಬಿಟ್ಟರೆ ಅವರು ಹಿಡಿಯುತ್ತಾರೆ ಅಂತ ನಮಗೆ, ಅವರು ಬಿಟ್ಟರೆ ನಾವು ಹಿಡಿಯುತ್ತೇವೆ ಅಂತ ಅವರಿಗೆ. ಅಮೆರಿಕದಲ್ಲಿ ಒಂದು ಬುಡಕಟ್ಟಿನವರು ತಾವಾಗೇ ಮೀನು ಹಿಡಿಯುವುದನ್ನು ನಿಲ್ಲಿಸಿ, ಖಾಲಿಯಾದ ಸರೋವರದಲ್ಲಿ ಮತ್ತೆ ಮೀನು ತುಂಬಿಸಿದರು ಅಂತ ನಮ್ಮ ಸಂಘದ ಸಭೆಯಲ್ಲಿ ಒಬ್ಬರು ಹೇಳಿದರು. ನಿಜಾನಾ? ನಮ್ಮಲ್ಲೂ ಹಾಗೆ ಮಾಡಬಹುದಾ?
(ಮೀನುಗಾರರ ಸಹಕಾರ ಸಂಘದ ಸದಸ್ಯರು, ಚನ್ನಗಿರಿ ತಾಲ್ಲೂಕು)

ಉತ್ತರ: ನಿಜ. ಆ ಸರೋವರದ ಹೆಸರು ರೆಡ್ ಲೇಕ್. ಅಮೆರಿಕದ ಉತ್ತರದ ಮಿನ್ನೆಸೋಟ ರಾಜ್ಯದಲ್ಲಿದೆ. ಒಜಿಬ್ವೆ ಅನ್ನುವ ಮೂಲನಿವಾಸಿಗಳ ನೆಲ ಅದು. ನಾನು ಅಲ್ಲಿಗೆ ಹೋದವನಲ್ಲ. ಮೀನುಮರಿ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದಾಗ ಇದರ ಒಂದು ವರದಿ ಕೈಗೆ ಸಿಕ್ಕಿತು. ಆಮೇಲೆ ಸಿಕ್ಕಿದ್ದನ್ನೆಲ್ಲ ಹುಡುಕಿ ಹುಡುಕಿ ಓದಿದೆ. ನಾನು ಸೂಳೆಕೆರೆ ದಂಡೆಯ ಬೆಸ್ತರ ಮನೆಯವನು. ಬಲೆ ನಂಬಿ ಬದುಕುವವರೇ ಒಟ್ಟಾಗಿ ಕೂತು ಬಲೆ ಮಡಚಿಟ್ಟರು ಅಂದರೆ ಅದೇನು ಸಣ್ಣ ಮಾತಲ್ಲ.

ಆ ಸರೋವರ ಎಷ್ಟು ದೊಡ್ಡದು ಅಂದರೆ, ಸುಮಾರು 2,85,000 ಎಕರೆ. ನಮ್ಮ ಸೂಳೆಕೆರೆ, ಅಂದರೆ ಶಾಂತಿಸಾಗರ, ಏಷ್ಯಾದ ದೊಡ್ಡ ಕೆರೆಗಳ ಸಾಲಿನಲ್ಲಿದೆ. ಅಂಥ ಕೆರೆ ಕೂಡ ಅಲ್ಲಿ ಒಂದು ಮೂಲೆಗೆ ಸಾಕಾಗುವುದಿಲ್ಲ. ಅದರಲ್ಲಿ ಸುಮಾರು 2,37,000 ಎಕರೆ ಬುಡಕಟ್ಟಿನವರದು. ಪೂರ್ವದ ಕಡೆಯ 48,000 ಎಕರೆ ರಾಜ್ಯ ಸರ್ಕಾರದ್ದು. ನಡುವೆ ಬೇಲಿ ಇಲ್ಲ. ಇಲ್ಲಿ ಮೊಟ್ಟೆ ಇಟ್ಟ ಮೀನು ಅಲ್ಲಿ ಹೋಗಿ ಬಲೆಗೆ ಬೀಳಬಹುದು. ನಿಮ್ಮ ಏರಿ, ಅವರ ಹಿನ್ನೀರು ಇದ್ದ ಹಾಗೇ ಅಲ್ವಾ?

ಇನ್ನೊಂದು ವಿಷಯ. 1889ರ ಸುಮಾರಿಗೆ ಅಮೆರಿಕ ಸರ್ಕಾರ ಮೂಲನಿವಾಸಿಗಳ ನೆಲವನ್ನು ತಲೆಗೆ ಇಷ್ಟು ಅಂತ ತುಂಡು ಮಾಡಿ ಹಂಚುತ್ತಿತ್ತು. ರೆಡ್ ಲೇಕಿನವರು ಹಂಚಿಕೆಗೆ ಒಪ್ಪಲೇ ಇಲ್ಲ. ಹಾಗಾಗಿ ಅಲ್ಲಿ ನೆಲ ಇವತ್ತಿಗೂ ಇಡೀ ಸಮುದಾಯದ್ದು. ಮುಂದೆ ಆದದ್ದಕ್ಕೆಲ್ಲ ಇದೇ ಬುನಾದಿ ಅಂತ ನನ್ನ ಅಭಿಪ್ರಾಯ.

ಅಲ್ಲಿನ ಮುಖ್ಯ ಮೀನು ವಾಲೈ. ಒಳ್ಳೆ ರುಚಿ, ಒಳ್ಳೆ ರೇಟು. ಮೊದಲನೇ ಮಹಾಯುದ್ಧದ ಕಾಲದಲ್ಲಿ ಆಹಾರಕ್ಕೆ ತೊಂದರೆಯಾದಾಗ, 1917ರಲ್ಲಿ, ಅಲ್ಲಿ ವ್ಯಾಪಾರದ ಮೀನುಗಾರಿಕೆ ಶುರುವಾಯಿತು. 1929ರಲ್ಲಿ ಮೀನುಗಾರರು ತಮ್ಮದೇ ಸಹಕಾರ ಸಂಘ ಕಟ್ಟಿಕೊಂಡರು. ಬಹಳ ಕಾಲ ನಡೆಯಿತು. ಆದರೆ ಸಂಘದ ಪುಸ್ತಕಕ್ಕೆ ಬರೆಸಿದ ಮೀನಿನ ಜೊತೆಗೆ ಬರೆಸದ ಮೀನೂ ಹಿಂಬಾಗಿಲಿನಿಂದ ಹೋಗುತ್ತಿತ್ತು. ರಾಜ್ಯದ ಕಡೆ ಗಾಳ ಹಾಕುವವರ ಕಾಟವೂ ಇತ್ತು. 1990ರ ದಶಕದ ನಡುವಿನ ಹೊತ್ತಿಗೆ ಬಲೆಗೆ ವಾಲೈ ಬೀಳುವುದೇ ನಿಂತಂತಾಯಿತು.

ಈಗ ಆಮೇಲೆ ಯಾರು ಯಾವಾಗ ನಿಲ್ಲಿಸಿದರು ಅನ್ನುವುದನ್ನು ಸರಿಯಾಗಿ ಗಮನಿಸಿ. 1997ರಲ್ಲಿ ಸಂಘದ ಮೀನುಗಾರರೇ ಮತ ಹಾಕಿ ವ್ಯಾಪಾರದ ಮೀನುಗಾರಿಕೆ ನಿಲ್ಲಿಸಿದರು. ಮಾರನೇ ವರ್ಷ ಬುಡಕಟ್ಟಿನ ಆಡಳಿತ ಮಂಡಳಿ ಮನೆ ಊಟಕ್ಕೆ ಗಾಳ ಹಾಕಿ ವಾಲೈ ಹಿಡಿಯುವುದನ್ನೂ ನಿಲ್ಲಿಸಿತು. 1999ರಲ್ಲಿ ರಾಜ್ಯ ಸರ್ಕಾರ ತನ್ನ ಕಡೆಯೂ ವಾಲೈ ಹಿಡಿಯಬಾರದು ಅಂತ ಮಾಡಿತು. ಕೈಯಲ್ಲಿ ಬಲೆ ಇದ್ದವರು ಮೊದಲು, ಸರ್ಕಾರ ಕೊನೆಗೆ. ನಮ್ಮಲ್ಲಿ ಯಾವಾಗಲೂ ಆದೇಶ ಮೇಲಿಂದ ಬರಲಿ ಅಂತ ಕಾಯುತ್ತೇವೆ. ಬಂದ ಆದೇಶವನ್ನು ರಾತ್ರಿ ಹೊತ್ತು ತೆಪ್ಪ ಇಳಿಸಿ ಮುರಿಯುತ್ತೇವೆ. ತಾವೇ ಕೈಯೆತ್ತಿ ಒಪ್ಪಿದ ಮಾತನ್ನು ಮುರಿಯಲು ಜನ ಹಿಂದೆಮುಂದೆ ನೋಡುತ್ತಾರೆ.

1999ರ ಏಪ್ರಿಲ್‌ನಲ್ಲಿ ಬುಡಕಟ್ಟು, ರಾಜ್ಯ, ಕೇಂದ್ರದ ಮೂಲನಿವಾಸಿ ವ್ಯವಹಾರಗಳ ಇಲಾಖೆ, ಮೂವರೂ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಎರಡೂ ಕಡೆಯ ಮೀನು ತಜ್ಞರು ಒಂದೇ ಸಮಿತಿಯಲ್ಲಿ ಕೂತರು. 1999, 2001, 2003, ಹೀಗೆ ವರ್ಷ ಬಿಟ್ಟು ವರ್ಷ ಕೋಟಿಗಟ್ಟಲೆ ಮರಿ ಬಿಟ್ಟರು. ಮರಿ ಬಿಡುವುದರಲ್ಲಿ ಅವರು ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಸರೋವರಕ್ಕೆ ಬಿಡುವ ಮೊದಲು ಮರಿಗಳನ್ನು ಕೆಲವು ಗಂಟೆ ಒಂದು ಔಷಧಿ ಬೆರೆಸಿದ ನೀರಿನಲ್ಲಿಟ್ಟರು. ಆಕ್ಸಿಟೆಟ್ರಾಸೈಕ್ಲಿನ್ ಅಂತ, ದನಕ್ಕೂ ಕೊಡುತ್ತಾರಲ್ಲ, ಅದೇ. ಮೀನಿನ ತಲೆಯೊಳಗೆ ಕಿವಿಯ ಹತ್ತಿರ ಒಂದು ಸಣ್ಣ ಕಲ್ಲಿನಂಥ ಮೂಳೆ ಇರುತ್ತದೆ. ಈ ಔಷಧಿ ಅದರ ಮೇಲೆ ಗುರುತು ಬಿಡುತ್ತದೆ. ಮುಂದೆ ಮೀನು ಹಿಡಿದು ಆ ಮೂಳೆಯನ್ನು ನೇರಳಾತೀತ ಬೆಳಕಿನಲ್ಲಿ ನೋಡಿದರೆ ಹಳದಿ ಉಂಗುರ ಹೊಳೆಯುತ್ತದೆ. ಉಂಗುರ ಇದ್ದರೆ ಅವರು ಬಿಟ್ಟ ಮೀನು, ಇಲ್ಲದಿದ್ದರೆ ಸರೋವರದಲ್ಲೇ ಹುಟ್ಟಿದ್ದು. ಬಿಟ್ಟ ಮರಿಯಲ್ಲಿ ಎಷ್ಟು ಬದುಕಿತು ಅನ್ನುವುದಕ್ಕೆ ಊಹೆ ಬೇಕಾಗಲಿಲ್ಲ. ನಮ್ಮಲ್ಲಿ ಮರಿ ಬಿಟ್ಟದ್ದಕ್ಕೆ ಫೋಟೊ ಇರುತ್ತದೆ, ಉಳಿದದ್ದಕ್ಕೆ ಲೆಕ್ಕ ಇರುವುದಿಲ್ಲ. ಇದು ನನಗೆ ಇವತ್ತಿಗೂ ಸಂಕಟದ ವಿಷಯ.

ಹತ್ತು ವರ್ಷ ಬೇಕಾಗಬಹುದು ಅಂತ ಅಂದುಕೊಂಡಿದ್ದರು. 2006ರ ಮೇ ತಿಂಗಳಲ್ಲೇ ಮತ್ತೆ ತೆರೆದರು. ಆದರೆ ಹಿಂದಿನಂತಲ್ಲ. ಎಕರೆಗೆ 3.5 ಪೌಂಡ್, ಅಂದರೆ ಸುಮಾರು 1.6 ಕಿಲೊ. ಆಗ ಅಷ್ಟೇ ಹಿಡಿಯಬಹುದಿತ್ತು. ಬುಡಕಟ್ಟಿಗೂ ಅದೇ ಅಳತೆ, ರಾಜ್ಯಕ್ಕೂ ಅದೇ ಅಳತೆ. ಜಾಸ್ತಿ ನೀರು ಇದ್ದವರಿಗೆ ಜಾಸ್ತಿ ಮೀನು, ಆದರೆ ಎಕರೆ ಲೆಕ್ಕ ಮಾತ್ರ ಒಂದೇ. ಮೊದಲ ವರ್ಷ ರಾಜ್ಯದ ಕಡೆ ಗಾಳ ಹಾಕುವವನಿಗೆ ದಿನಕ್ಕೆ ಎರಡೇ ವಾಲೈ. ಬುಡಕಟ್ಟಿನವರು ಬಲೆ ಬದಲು ಗಾಳದಿಂದ ಶುರು ಮಾಡಿದರು.

ಇನ್ನು ನಿಮ್ಮ ಕೆರೆ. ಇಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಅವರ ಹಾಗೆ ಏಳೆಂಟು ವರ್ಷ ಕೆರೆ ಮುಚ್ಚಿದರೆ ನಿಮಗೆ ಕಾಟ್ಲಾ ಬರುವುದಿಲ್ಲ. ವಾಲೈ ತನ್ನ ಸರೋವರದಲ್ಲೇ ಮೊಟ್ಟೆ ಇಟ್ಟು ಮರಿ ಮಾಡುವ ಮೀನು. ಕಾಟ್ಲಾ, ರೋಹು, ಮೃಗಾಲ್ ಹಾಗಲ್ಲ. ಅವಕ್ಕೆ ಮಳೆಗಾಲದಲ್ಲಿ ಹರಿಯುವ ಹೊಳೆ ನೀರು ಬೇಕು. ನಿಂತ ಕೆರೆಯಲ್ಲಿ ಅವು ಮರಿ ಮಾಡುವುದಿಲ್ಲ. ನಾವು ಬಿಟ್ಟಷ್ಟೇ ಇರುತ್ತದೆ. ಹಾಗಾಗಿ ನೀವು ಅವರಿಂದ ಕಲಿಯಬೇಕಾದದ್ದು ಎರಡೂ ದಡದವರು ಒಂದೇ ಲೆಕ್ಕಕ್ಕೆ ಕೈಯೆತ್ತಿದ್ದನ್ನು.

ನಾನಾಗಿದ್ದರೆ ಬೇಸಿಗೆಯಲ್ಲೇ, ಮಳೆಗೆ ಮುಂಚೆ, ಎರಡೂ ಊರಿನವರನ್ನು ಕೂರಿಸುತ್ತಿದ್ದೆ. ಏರಿ ಮೇಲಿನ ಗುಡಿಯಲ್ಲಿ ಆದರೂ ಸರಿ, ಪಂಚಾಯಿತಿ ಕಟ್ಟೆಯಲ್ಲಿ ಆದರೂ ಸರಿ. ಮೊದಲನೇ ಮಾತು ಮರಿ ದುಡ್ಡಿನದು. ಇಬ್ಬರೂ ಹಾಕಬೇಕು. ಒಬ್ಬರು ಮರಿ ಬಿಟ್ಟು ಇನ್ನೊಬ್ಬರು ಹಿಡಿಯುವ ಕಡೆ ಯಾವ ಒಪ್ಪಂದವೂ ಒಂದು ವರ್ಷ ದಾಟುವುದಿಲ್ಲ. ಎರಡನೇ ಮಾತು ಮರಿಯ ಅಳತೆ. ನಿಮ್ಮದು ವರ್ಷವಿಡೀ ನೀರಿರುವ ಕೆರೆಯಾದರೆ ಅದರಲ್ಲಿ ಕುಚ್ಚು, ಬಾಳೆ ಮೀನು ಇದ್ದೇ ಇರುತ್ತವೆ. ಅಂಥ ಕಡೆ ಒಂದಿಂಚಿನ ಮರಿ ಬಿಟ್ಟರೆ ಅವಕ್ಕೆ ಊಟ ಹಾಕಿದ ಹಾಗೆ ಅಷ್ಟೇ. ನಾಲ್ಕು ಇಂಚಿನ ಮರಿ ತನ್ನಿ. ದುಬಾರಿ ಅನ್ನಿಸಿದರೆ ಕಡಿಮೆ ತನ್ನಿ. ಅಥವಾ ಸಣ್ಣ ಮರಿ ತಂದು ದಡದಲ್ಲಿ ಬಲೆ ಕಟ್ಟಿ ಎರಡು ಮೂರು ತಿಂಗಳು ಸಾಕಿ, ಆಮೇಲೆ ಬಿಡಿ.

ಮರಿ ಬಂದ ದಿನ ಆತುರ ಬೇಡ. ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಲಾರಿಯಿಂದ ಇಳಿಸಿದ ಕೂಡಲೇ ಕತ್ತರಿಸಿ ಸುರಿಯುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಚೀಲದ ನೀರು ಬೇರೆ ಬಿಸಿ, ಕೆರೆಯ ನೀರು ಬೇರೆ ಬಿಸಿ. ಮರಿ ತಡೆಯುವುದಿಲ್ಲ. ಚೀಲವನ್ನು ಕಟ್ಟಿದ ಹಾಗೇ ಹದಿನೈದು ಇಪ್ಪತ್ತು ನಿಮಿಷ ಕೆರೆ ನೀರಿನಲ್ಲಿ ತೇಲಿಬಿಡಿ. ಆಮೇಲೆ ಬಾಯಿ ಬಿಚ್ಚಿ, ಕೈಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕೆರೆ ನೀರು ಒಳಗೆ ಬಿಡಿ. ಕೊನೆಗೆ ಚೀಲವನ್ನು ನೀರಿನಲ್ಲೇ ವಾಲಿಸಿ ಹಿಡಿಯಿರಿ. ಗಟ್ಟಿ ಮರಿ ತಾನೇ ಈಜಿ ಹೊರಗೆ ಹೋಗುತ್ತದೆ. ಇದೆಲ್ಲ ಬೆಳಗ್ಗೆ ಅಥವಾ ಸಂಜೆ. ಮಧ್ಯಾಹ್ನದ ಬಿಸಿಲಲ್ಲಿ ಬೇಡವೇ ಬೇಡ. ಎರಡೂ ಊರಿನವರು ಎದುರಿಗಿರಲಿ. ಎಷ್ಟು ಚೀಲ, ಒಂದು ಚೀಲದಲ್ಲಿ ಎಷ್ಟು ಮರಿ, ಎಲ್ಲರೂ ಎಣಿಸಲಿ.

ಬಲೆಯ ಕಣ್ಣಿನ ಮಾತು ಸಭೆಯಲ್ಲಿ ಜಗಳ ತರುತ್ತದೆ, ಗೊತ್ತಿರಲಿ. ಎರಡು ಬೆರಳು ತೂರುವ ಕಣ್ಣಿನ ಬಲೆ ಇಟ್ಟುಕೊಂಡವನು ಬಡವ. ಅದನ್ನು ಸುಮ್ನೆ ಬಿಸಾಡು ಅಂದರೆ ಅವನು ಎಲ್ಲಿಗೆ ಹೋಗಬೇಕು? ಸಂಘದ ದುಡ್ಡಿನಲ್ಲಿ ಅವನಿಗೆ ದೊಡ್ಡ ಕಣ್ಣಿನ ಬಲೆ ಕೊಟ್ಟು ಹಳೆಯದನ್ನು ತೆಗೆದುಕೊಳ್ಳಿ. ಒಂದು ಕಿಲೊ ದಾಟದ ಕಾಟ್ಲಾ ಯಾರೂ ಮಾರಬಾರದು ಅಂತ ಒಪ್ಪಿಕೊಂಡರೆ ಕಾಯುವ ಕೆಲಸವೂ ಹಗುರ. ರಾತ್ರಿಯೆಲ್ಲ ಕೆರೆ ಕಾಯುವುದಕ್ಕಿಂತ ಬೆಳಗ್ಗೆ ತಕ್ಕಡಿ ಹತ್ತಿರ ನಿಲ್ಲುವುದು ಸುಲಭ. ಹಾಗೆಯೇ ಎರಡೂ ಕಡೆ ಹಿಡಿದ ಮೀನು ಒಂದೇ ಪುಸ್ತಕಕ್ಕೆ ಬರಲಿ. ಒಂದು ವಾರ ಅವರ ಹುಡುಗ ಬರೆಯಲಿ, ಒಂದು ವಾರ ನಿಮ್ಮ ಹುಡುಗ.

ಇನ್ನು ಕೆರೆಯಲ್ಲೇ ಹುಟ್ಟುವ ಕುಚ್ಚು, ಬಾಳೆ, ಪಕ್ಕೆ ಮೀನು, ಸೀಗಡಿ. ಇವಕ್ಕೆ ರೆಡ್ ಲೇಕಿನ ದಾರಿ ನೇರವಾಗಿ ಹೊಂದುತ್ತದೆ. ಮಳೆ ಹಿಡಿದ ಮೇಲೆ ಹಿನ್ನೀರಿನ ಜೊಂಡು ಇರುವ ಕಡೆ ಎರಡು ತಿಂಗಳು ಯಾರೂ ಇಳಿಯಬೇಡಿ. ಇದು ಆ ಊರಿನವರ ಮನೆಬಾಗಿಲ ನೀರು. ಅವರು ಅಷ್ಟು ಬಿಟ್ಟುಕೊಡುತ್ತಾರೆ ಅಂದರೆ ನೀವೂ ತೂಬಿನ ಹತ್ತಿರದ ಒಳ್ಳೆ ಜಾಗದಲ್ಲಿ ಅವರಿಗೆ ಪಾಲು ಕೊಡಬೇಕು.

ಕಾಗದಪತ್ರದ ಕಡೆಯೂ ನೋಡಿ. ಸಣ್ಣ ಕೆರೆ ಗ್ರಾಮ ಪಂಚಾಯಿತಿಗೆ, ದೊಡ್ಡ ಕೆರೆ ಮೀನುಗಾರಿಕೆ ಇಲಾಖೆಗೆ ಸೇರಿರುತ್ತದೆ. ಗುತ್ತಿಗೆ ಯಾರ ಹೆಸರಲ್ಲಿ, ಎಲ್ಲಿಯವರೆಗೆ ಅಂತ ತಿಳಿದುಕೊಂಡು, ನಿಮ್ಮ ಒಪ್ಪಂದದ ಒಂದು ಪ್ರತಿ ಅವರಿಗೂ ಕೊಡಿ. ಹರಾಜಿನಲ್ಲಿ ಹೊರಗಿನವನು ಬಂದು ಕೂತರೆ ಮೇಲಿನ ಒಂದು ಮಾತೂ ನಡೆಯುವುದಿಲ್ಲ.

ಇದೆಲ್ಲ ನಮ್ಮ ಜನಕ್ಕೆ ಹೊಸದು ಅಂತ ನಾನು ಒಪ್ಪುವುದಿಲ್ಲ. ಪಕ್ಕದ ಸೊರಬ, ಸಾಗರದ ಕಡೆ ಕೆರೆ ಬೇಟೆ ನಡೆಯುತ್ತದಲ್ಲ. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಊರವರು ಒಂದು ದಿನ ಗೊತ್ತು ಮಾಡುತ್ತಾರೆ. ಅಲ್ಲಿಯವರೆಗೆ ಕಾಯುತ್ತಾರೆ. ಆ ದಿನ ಕೂಣಿ, ಅಂದರೆ ಮೀನಿನ ಮೇಲೆ ಮುಚ್ಚಿ ಹಿಡಿಯುವ ಬಿದಿರಿನ ಬುಟ್ಟಿ, ಹಿಡಿದು ನೂರಾರು ಜನ ಒಟ್ಟಿಗೆ ಇಳಿಯುತ್ತಾರೆ. ಒಂದೇ ದಿನ, ಒಂದೇ ಸಾಧನ, ಎಲ್ಲರಿಗೂ ಒಂದೇ ನಿಯಮ.

ಪ್ರಶ್ನೆ: ಅಣ್ಣಾ, ನಾನು ಸಂತೆಯಲ್ಲಿ ಮೀನು ಮಾರುತ್ತೇನೆ. ಮರಿ ಬಿಟ್ಟ ಮೇಲೆ ಮೀನು ಹಿಡಿಯಬೇಡಿ, ಮಳೆಗಾಲದಲ್ಲಿ ಹಿಡಿಯಬೇಡಿ ಅಂತ ಎಲ್ಲರೂ ಹೇಳುತ್ತಾರೆ. ಆ ತಿಂಗಳುಗಳಲ್ಲಿ ನಮ್ಮ ಮನೆ ಹೇಗೆ ನಡೆಯಬೇಕು?
(ಮೀನು ಮಾರುವ ಮಹಿಳೆ, ಹಿರಿಯೂರು)

ಉತ್ತರ: ಅಕ್ಕಾ, ಸಭೆಯಲ್ಲಿ ಎಲ್ಲರಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಯಾರೂ ಕೇಳುವುದಿಲ್ಲ, ಯಾಕೆಂದರೆ ಸಭೆಗೆ ಮಾರುವ ಹೆಣ್ಣುಮಕ್ಕಳನ್ನು ಕರೆಯುವುದೇ ಇಲ್ಲ. ಬಲೆ ಬಿಡುವವರು ಗಂಡಸರು ಇರಬಹುದು. ದುಡ್ಡು ಮನೆಗೆ ಬರುವುದು ನಿಮ್ಮ ಬುಟ್ಟಿಯಿಂದ. ಯಾವ ತೂಕದ ಮೀನಿಗೆ ಎಷ್ಟು ರೇಟು ಅನ್ನುವುದು ನಿಮಗೆ ಗೊತ್ತಿರುವಷ್ಟು ಸಂಘದ ಕಾರ್ಯದರ್ಶಿಗೂ ಗೊತ್ತಿರುವುದಿಲ್ಲ. ನೀವೇ ಹೋಗಿ ಕೂತುಕೊಳ್ಳಿ.

ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮೀನು ಹಿಡಿಯಬಾರದ ತಿಂಗಳುಗಳಿಗೆ ಬಡ ಮೀನುಗಾರ ಕುಟುಂಬಕ್ಕೆ ನೆರವು ಕೊಡುವ ಅವಕಾಶ ಇದೆ. ಸದಸ್ಯರು 1,500 ರೂಪಾಯಿ ಉಳಿಸಿದರೆ ಸರ್ಕಾರ 3,000 ಸೇರಿಸುತ್ತದೆ. ಮೂರು ತಿಂಗಳಿಗೆ ಒಟ್ಟು 4,500. ಸಂಘದ ಸದಸ್ಯತ್ವ, ಬ್ಯಾಂಕ್ ಖಾತೆ, ಆಧಾರ್ ಸರಿ ಇಟ್ಟುಕೊಂಡು ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಕೇಳಿ. ಆದರೆ ತಿಂಗಳಿಗೆ 1,500ರಲ್ಲಿ ಮನೆ ನಡೆಯುವುದಿಲ್ಲ, ಅದು ನನಗೂ ಗೊತ್ತು. ಹಾಗಾಗಿ ಇಡೀ ನೀರನ್ನು ಒಂದೇ ಸಲ ಮುಚ್ಚುವ ಮಾತಿಗೆ ನಾನು ಒಪ್ಪುವುದಿಲ್ಲ. ಮೊಟ್ಟೆ ಇಡುವ ಜಾಗ ಮುಚ್ಚಿ, ಉಳಿದ ಕಡೆ ದೊಡ್ಡ ಕಣ್ಣಿನ ಬಲೆಗೆ ಬಿಡಿ. ಜಿಲೇಬಿ ಮೀನಿಗೆ, ಅಂದರೆ ತಿಲಾಪಿಯಾಕ್ಕೆ, ಯಾವ ರಜೆಯೂ ಬೇಡ. ಅದು ಹೇಗೂ ವರ್ಷವಿಡೀ ಮರಿ ಹಾಕುತ್ತದೆ. ಎಷ್ಟು ಹಿಡಿದರೂ ಕೆರೆಗೆ ಒಳ್ಳೆಯದೇ.

ನಿಮ್ಮ ಊರಿನ ವಾಣಿವಿಲಾಸ ಸಾಗರ, ಅಂದರೆ ಮಾರಿಕಣಿವೆ ಅಣೆಕಟ್ಟಿನ ಬಗ್ಗೆ ಒಂದು ಮಾತು. 1933ರಲ್ಲಿ ತುಂಬಿದ್ದ ಮಾರಿಕಣಿವೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಕೋಡಿ ನೀರು ಹರಿಯುವಾಗ ಮೀನು ನೀರಿಗೆ ಎದುರು ಏರಿ ಬರುತ್ತದೆ. ಹೊಟ್ಟೆ ತುಂಬ ಮೊಟ್ಟೆ ಇಟ್ಟುಕೊಂಡು ಬರುವ ಮೀನೇ ಅದರಲ್ಲಿ ಜಾಸ್ತಿ. ಅಂಥ ಹೊತ್ತಿನಲ್ಲಿ ಕಾಲುವೆಗೆ ಸೊಳ್ಳೆಪರದೆ ಅಡ್ಡ ಕಟ್ಟಿ ಬಾಚುವುದನ್ನು ಬಿಡಬೇಕು. ಮಾರುವವರು ಕೊಳ್ಳದಿದ್ದರೆ ಅರ್ಧ ತಾನೇ ನಿಲ್ಲುತ್ತದೆ. ಆ ಶಕ್ತಿ ನಿಮ್ಮ ಕೈಯಲ್ಲಿದೆ ಅಕ್ಕಾ.

ಪ್ರಶ್ನೆ: ಆಫ್ರಿಕನ್ ಕ್ಯಾಟ್‌ಫಿಶ್ ಮರಿ ಬಿಟ್ಟರೆ ಆರು ತಿಂಗಳಲ್ಲಿ ಕಿಲೊ ತೂಗುತ್ತದೆ ಅಂತ ಒಬ್ಬ ಏಜೆಂಟ್ ಬಂದಿದ್ದಾನೆ. ನಮ್ಮ ಊರ ಕೆರೆಗೆ ಬಿಡಬಹುದಾ?
(ಗ್ರಾಮ ಪಂಚಾಯಿತಿ ಸದಸ್ಯರು, ದಾವಣಗೆರೆ ತಾಲ್ಲೂಕು)

ಉತ್ತರ: ಬೇಡ. ಇದನ್ನು ಸಾಕುವುದನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ಅದು ನಿಮ್ಮ ಕಾಟ್ಲಾ ಮರಿ, ಕಪ್ಪೆ, ಸೀಗಡಿ, ಏನು ಸಿಕ್ಕರೂ ತಿನ್ನುತ್ತದೆ. ನೀರು ಬತ್ತಿದರೂ ಕೆಸರಿನಲ್ಲಿ ಗಾಳಿ ಕುಡಿದು ಬದುಕುತ್ತದೆ, ಮಳೆ ಬಂದಾಗ ಒದ್ದೆ ನೆಲದ ಮೇಲೆ ತೆವಳಿ ಪಕ್ಕದ ಕೆರೆಗೂ ಹೋಗುತ್ತದೆ. ಒಂದು ಸಲ ಸೇರಿಕೊಂಡರೆ ತೆಗೆಯುವ ದಾರಿಯೇ ಇಲ್ಲ. ಏಜೆಂಟ್‌ನನ್ನು ಬಾಗಿಲಲ್ಲೇ ವಾಪಸ್ ಕಳಿಸಿ. ಸಾಧ್ಯವಾದರೆ ಇಲಾಖೆಗೂ ತಿಳಿಸಿ. ನಿಮ್ಮ ಪಕ್ಕದ ಪಂಚಾಯಿತಿಗೂ ಅವನು ಹೋಗಿಯೇ ಇರುತ್ತಾನೆ.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳು ಕೆರೆ ದಡದಲ್ಲಿ ನೀರಿನ ಮೇಲೆ ಕೆಂಪು ಮರಿಗಳ ಒಂದು ಗುಂಪು ನೋಡಿದರು. ಒಟ್ಟಿಗೇ ಮೇಲೆ ಬರುತ್ತವೆ, ಒಟ್ಟಿಗೇ ಮುಳುಗುತ್ತವೆ. ಯಾವ ಮೀನು?
(ಶಿಕ್ಷಕಿ, ಜಗಳೂರು ತಾಲ್ಲೂಕು)

ಉತ್ತರ: ಕುಚ್ಚು ಮೀನಿನ ಮರಿ, ಮೇಡಂ. ಮರಲ್ ಅಂತಲೂ ಕರೆಯುತ್ತಾರೆ. ಗಾಳಿ ಕುಡಿಯಲು ಮೇಲೆ ಬರುತ್ತವೆ. ಬಂದಾಗ ಆ ಜಾಗದಲ್ಲಿ ಮಾತ್ರ ಮಳೆಹನಿ ಬಿದ್ದ ಹಾಗೆ ನೀರು ಪಟಪಟ ಅನ್ನುತ್ತದೆ. ಅವುಗಳ ಕೆಳಗೆ ತಾಯಿಯೋ ತಂದೆಯೋ ಕಾವಲಿರುತ್ತದೆ. ಕೆಲವು ವಾರ ಗುಂಪು ಬಿಟ್ಟು ದೂರ ಹೋಗುವುದಿಲ್ಲ. ಹತ್ತಿರ ಏನು ಬಂದರೂ ನುಗ್ಗಿ ಕಚ್ಚುತ್ತದೆ. ಗಾಳ ಹಾಕುವವರಿಗೆ ಇದು ಚೆನ್ನಾಗಿ ಗೊತ್ತು. ಕೆಂಪು ಗುಂಪಿನ ನಡುವೆ ಕಪ್ಪೆ ಕಟ್ಟಿದ ಗಾಳ ಎಸೆಯುತ್ತಾರೆ. ಹಸಿವಿಗಲ್ಲ, ಮರಿ ಕಾಯಲು ಅದು ಬಾಯಿ ಹಾಕುತ್ತದೆ. ದೊಡ್ಡದನ್ನು ಎಳೆದುಕೊಂಡ ಮೇಲೆ ಬಾಳೆ ಮೀನು, ನೀರುಹಾವು, ಕೊಕ್ಕರೆ ಸೇರಿ ಆ ಮರಿಗಳನ್ನು ಮುಗಿಸಿಬಿಡುತ್ತವೆ. ಒಂದು ಮೀನಿಗೆ ನೂರಾರು ಮೀನು ಹೋಯಿತು.

ಮಕ್ಕಳು ದಿನಾ ಶಾಲೆಗೆ ಬರುವಾಗ ಗುಂಪು ಎಲ್ಲಿದೆ, ಮರಿಯ ಬಣ್ಣ ಕೆಂಪಿನಿಂದ ಯಾವಾಗ ಬದಲಾಗುತ್ತದೆ ಅಂತ ಬರೆದಿಡಲಿ. ಕಲ್ಲು ಹೊಡೆಯುವುದು ಬೇಡ. ಊರಿನಲ್ಲಿ ಗಾಳ ಹಾಕುವವರು ಯಾರು ಅಂತ ಮಕ್ಕಳಿಗೇ ಗೊತ್ತಿರುತ್ತದೆ, ಹೆಚ್ಚಿನವರು ಅವರ ಅಪ್ಪ, ಮಾವಂದಿರೇ. ಮರಿ ಬಣ್ಣ ಬಿಡುವವರೆಗೆ ಆ ಜಾಗದಲ್ಲಿ ಗಾಳ ಹಾಕಬೇಡಿ ಅಂತ ಮಕ್ಕಳ ಬಾಯಲ್ಲೇ ಹೇಳಿಸಿ. ಮಕ್ಕಳು ಬರೆದದ್ದನ್ನು ನನಗೂ ಕಳಿಸಿಕೊಡಿ.